ಸಾವಕ್ಕನ ಬದಿಯ ಬಾಗಿಲು

ಬನಹಟ್ಟಿಯಲ್ಲಿ ನಲವತ್ತು ವರ್ಷ ನೂಲಿಗೆ ಬಣ್ಣ ಹಾಕಿದ ರಾಮಲಿಂಗಪ್ಪನಿಗೆ ಬಣ್ಣ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಊಟ ಸೇರುತ್ತಿರಲಿಲ್ಲ. ಒಳ್ಳೆಯ ಗುಣವೇ. ಆದರೆ ಅದರ ಪೆಟ್ಟು ತಿಂದವಳು ಹೆಂಡತಿ ಸಾವಕ್ಕ.

ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರೊಂದು ಒರಸಿಕೊಂಡು ಹೋಗಿ ಅವನ ತಿಳಿನೀಲಿ ಹಳೆ ಕಾರಿನ ಮುಂದಿನ ಎಡಬಾಗಿಲು ಜಜ್ಜಿಹೋಯಿತು; ತೆರೆಯಲೇ ಇಲ್ಲ. ಸಾವಕ್ಕ ಕೂರುತ್ತಿದ್ದುದು ಅಲ್ಲೇ. ಮಂಡಿ ಮಡಚಲಾಗದ ಆಕೆಗೆ ಆ ಸೀಟು ಹಿಂದೆ ಸರಿಸಿದರಷ್ಟೇ ಕಾಲು ಚಾಚಲು ಜಾಗ. ಬಸ್ಸಿನ ಮೆಟ್ಟಿಲಂತೂ ಏರಲಾಗದು. ತೇರದಾಳದಲ್ಲಿ ಹಾಸಿಗೆ ಹಿಡಿದಿದ್ದ ಅಕ್ಕ ಅನ್ನವ್ವನನ್ನು ನೋಡಲು ವಾರ ವಾರ ಹೋಗುತ್ತಿದ್ದವಳು ಮನೆಯಲ್ಲೇ ಉಳಿದಳು.

"ಈ ಗಾಡಿ ಬಾಗಲಾ ಅಂಗಡ್ಯಾಗ ಸಿಗೂದಿಲ್ರಿ. ಫೋನಿನ್ಯಾಗ ಹುಡುಕ್ರಿ, ಹಳೀವು ಬೇಕಾದಷ್ಟ ಮಾರ್ತಾರ," ಎಂದ ಮೆಕ್ಯಾನಿಕ್ ನಿಂಗಣ್ಣ.

ರಾಮಲಿಂಗಪ್ಪ ಕನ್ನಡಕ ಏರಿಸಿ ಕೂತ. ಪುಣೆಯಿಂದ ಒಂದು ಬಾಗಿಲು ಬಂತು. ನೀಲಿಯೇ, ಆದರೆ ಚೂರು ಗಾಢ. ವಾಪಸು ಕಳಿಸಿದ. ಮುಂದಿನ ವ್ಯಾಪಾರಿಗೆ ಕಾರಿನ ಬಣ್ಣವನ್ನೇ ಹೋಲುವಂತೆ ನೂಲಿನ ತುಂಡಿಗೆ ಬಣ್ಣ ಹಾಕಿ, ಕಾಗದಕ್ಕೆ ಚುಚ್ಚಿ, ಕೊರಿಯರ್ ಮಾಡಿದ. ಗುಜರಿಯವನು ಬಿದ್ದು ಬಿದ್ದು ನಕ್ಕಿರಬೇಕು. ಅವನ ಬಾಗಿಲೂ ಹೊಂದಲಿಲ್ಲ. ಬಣ್ಣ ಹೊಡೆಸಿಬಿಡಿ ಎಂದು ನಿಂಗಣ್ಣ ಹೇಳಿದರೆ, ಬಿಸಿಲು ತಿಂದ ಬಣ್ಣದ ಪಕ್ಕ ಹೊಸದು ಎದ್ದು ಕಾಣುತ್ತದೆಂಬ ವಾದ. ಹೀಗೇ ನಾಲ್ಕು ತಿಂಗಳು ಹೋದವು.

ಒಂದು ಮಧ್ಯಾಹ್ನ ಕೊಲ್ಹಾಪುರದವರ ಕೆಂಪು ಬಾಗಿಲಿನ ಫೋಟೊ ನೋಡಿ ಅವನು ಮೂಗು ಮುರಿಯುತ್ತಿದ್ದಾಗ ಸಾವಕ್ಕ ಬಂದು ಇಣುಕಿದಳು.

"ಇದು ತೆರೀತೈತೇನ್ರಿ?"

"ತೆರೀತೈತಿ. ಆದ್ರ ಕೆಂಪೈತಲ್ಲ!"

"ನಾ ಒಳಗ ಕೂಡಾಕಿ. ಹೊರಗಿನ ಬಣ್ಣ ನನಗೆಲ್ಲಿ ಕಾಣತೈತ್ರಿ?"

ರಾಮಲಿಂಗಪ್ಪ ಆ ಕೆಂಪು ಬಾಗಿಲಿಗೇ ಆರ್ಡರ್ ಹಾಕಿದ.

ನಿಂಗಣ್ಣ ಬಾಗಿಲು ಕೂರಿಸಿದ ದಿನ ಕಾರು ಹೋಳಿ ಆಡಿ ಬಂದಂತಿತ್ತು. ಓಣಿಯವರು ನಕ್ಕರು. ಸಾವಕ್ಕ ತಾನೇ ಬಾಗಿಲು ತೆರೆದು, ಕಾಲು ಚಾಚಿ, ನೆಮ್ಮದಿಯಾಗಿ ಕೂತಳು.

"ಮೊದಲ ತೇರದಾಳಕ್ಕ ನಡೀರಿ. ಅಕ್ಕ ದಿನಾ ಫೋನಿನ್ಯಾಗ, 'ಇವತ್ತರ ಬರ್ತೀಯೇನಬೇ' ಅಂತಿದ್ಲು."

"ನೀ ಏನಂತಿದ್ದಿ?"

"ಬಣ್ಣ ಹೊಂದವಲ್ದು ಅಂತಿದ್ದೆ. 'ಹೋಗ್ಲಿ ಬಿಡು, ಅವರಿಗೆ ಅವಸರ ಮಾಡಬ್ಯಾಡ' ಅಂತಿದ್ಲು, ಪಾಪ."

ರಾಮಲಿಂಗಪ್ಪ ಅನ್ನವ್ವನ ಎದುರು ಯಾವ ಮುಖ ಹೊತ್ತು ನಿಲ್ಲಲಿ ಎಂದು ಸಂಕಟಪಡುತ್ತಲೇ ಗಾಡಿ ಶುರು ಮಾಡಿದ.