ಎರ್ಮೆಲಿಂಡಾಳ ನಾಚಿಕೆ ಮರ

ನಮ್ಮ ಬೀದಿಯ ಎರ್ಮೆಲಿಂಡಾ ನನ್ನ ವಾರಗೆಯವಳು. ಅವಳಿಗೆ ಗೊತ್ತಿಲ್ಲದ ಗಿಡವಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಊರಿಗೆ ಹಾಗೆ ಹೇಳಿಕೊಟ್ಟವಳೂ ಅವಳೇ.

ಆದರೆ ಜರಕಾಚಿಯಾ ವಿಷಯದಲ್ಲಿ ಅವಳನ್ನು ಮೀರಿಸುವವರು ಈ ಮಿನಾಸ್ ಬೆಟ್ಟಗಳಲ್ಲಿ ನಿಜಕ್ಕೂ ಇರಲಿಲ್ಲ. ಅದು ಪಪ್ಪಾಯಿಯ ಕಾಡು ಬಂಧು. ಬ್ರೆಜಿಲಿನಲ್ಲೇ ಎಷ್ಟೋ ಜನ ಅದರ ಹೆಸರು ಕೇಳಿಲ್ಲ. ಮುಳ್ಳು ಮುಳ್ಳು ಕಾಂಡ, ಬೆರಳು ಹರಡಿದ ಅಂಗೈಯಂಥ ಎಲೆ, ಕಿತ್ತಳೆ ಬಣ್ಣದ ಪುಟ್ಟ ಹಣ್ಣು. ಹಣ್ಣಿನ ಸಿಪ್ಪೆಗೆ ಗೀರು ಹಾಕಿ, ಹಾಲು ಸೋರಲು ಬಿಟ್ಟು, ಕೆಂಡದಲ್ಲಿ ಸುಟ್ಟು ತಿನ್ನಬೇಕು. ಹೊಸದಾಗಿ ಬಂದ ಪಾದ್ರಿ ಅವಸರಪಟ್ಟು ಹಾಗೆಯೇ ಕಚ್ಚಿದರು; ತುಟಿ ಊದಿ ಆ ಭಾನುವಾರದ ಪ್ರವಚನ ಒಬ್ಬರಿಗೂ ಅರ್ಥವಾಗಲಿಲ್ಲ. ಇನ್ನು ಮರದ ಒಳತಿರುಳು ತುರಿದರೆ ಥೇಟ್ ತೆಂಗಿನಕಾಯಿ. ಅದನ್ನು ನೀರು ಬದಲಿಸುತ್ತ ನೆನೆಹಾಕಿ, ಬೆಲ್ಲದಲ್ಲಿ ಕಾಯಿಸಿ ಎರ್ಮೆಲಿಂಡಾ ಮಿಠಾಯಿ ಮಾಡಿದಳೆಂದರೆ ನಾವು ಜಗಳವನ್ನೆಲ್ಲ ಮರೆತು ಅವಳ ಅಡುಗೆಮನೆಗೆ ನುಗ್ಗುತ್ತಿದ್ದೆವು.

ಈ ಮರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹಣ್ಣು ಬಿಡುವುದು ಹೆಣ್ಣು ಮಾತ್ರ. ಹೂ ಬಿಡುವವರೆಗೆ ಯಾವುದು ಯಾವುದೆಂದು ಯಾರಿಗೂ ತಿಳಿಯದು. ಎರ್ಮೆಲಿಂಡಾಳಿಗೆ ಮಾತ್ರ ತಿಳಿಯುತ್ತಿತ್ತಂತೆ. ಎರಡು ಸಸಿ ಬೆಳೆಸಿ, ನಮ್ಮೆದುರೇ ಎಲೆ ಸವರಿ ನೋಡಿ, ಹೆಣ್ಣನ್ನು ತನ್ನ ಹಿತ್ತಿಲಿಗೆ ಇಟ್ಟುಕೊಂಡಳು. ಗಂಡು ಸಸಿಯನ್ನು ದೊಡ್ಡ ಮನಸ್ಸು ಮಾಡಿ ಪಕ್ಕದ ಮನೆಯ ಜೊವೀನಾಳಿಗೆ ಕೊಟ್ಟಳು. ತಿರುಳಿಗಾದರೂ ಆದೀತು ಎಂದಳು.

ಪಾಪ, ಮರ ಹೂ ಬಿಡುವ ಮೊದಲೇ ಜೊವೀನಾ ತೀರಿಕೊಂಡಳು. ಮುಂದಿನ ಮಳೆಗಾಲಕ್ಕೆ ಅವಳ ಮರದ ತುಂಬ ಹಣ್ಣು. ಎರ್ಮೆಲಿಂಡಾಳ ಮರದಲ್ಲಿ ಗೊಂಚಲು ಗೊಂಚಲು ಹೂ, ಕಾಯಿ ಒಂದೂ ಇಲ್ಲ. ತನ್ನದು ಹೆಣ್ಣೇ, ನಾಚಿಕೆ ಸ್ವಭಾವ, ಸ್ವಲ್ಪ ತಡ ಎಂದಳು. ಜೊವೀನಾಳ ಗಂಡ ಒನೋಫ್ರೆ ವರ್ಷ ವರ್ಷವೂ ಬೇಲಿಯಾಚೆಯಿಂದ, "ಕೊಮಾದ್ರೆ, ನಿಮ್ಮ ಹುಡುಗಿಗೆ ಇನ್ನೂ ನಾಚಿಕೆ ಹೋಗ್ಲಿಲ್ವಾ?" ಎಂದು ಕೇಳುವನು. ಎರ್ಮೆಲಿಂಡಾಳ ಮಗಳ ಜ್ಞಾನಸ್ನಾನಕ್ಕೆ ಧರ್ಮಪಿತನಾಗಿ ನಿಂತವನು ಅವನು. ಹಾಗೆ ನಿಂತ ಮೇಲೆ ಕೊಮಾದ್ರೆ, ಕೊಂಪಾದ್ರೆ ಎಂದೇ ಕರೆದುಕೊಳ್ಳಬೇಕು, ಕತ್ತು ಹಿಸುಕಬೇಕೆನಿಸಿದರೂ.

ಕೊನೆಗೆ ಸಂತ ಜುವಾಂವರ ಹಬ್ಬದ ಹಿಂದಿನ ದಿನ ಅವಳಿಗೆ ಸಾಕಾಯಿತು. ಮರ ಕಡಿದು ಊರಿಗೆಲ್ಲ ಮಿಠಾಯಿ ಹಂಚುತ್ತೇನೆ ಎಂದು ಕೊಡಲಿ ಹಿಡಿದಳು. ಮರವಿಲ್ಲದಿದ್ದರೆ ಆಡಿಕೊಳ್ಳುವ ಮಾತೂ ಇಲ್ಲವಲ್ಲ. ನಾವೆಲ್ಲ ನೋಡಲು ಸೇರಿದೆವು. ಸುಳ್ಳೇಕೆ, ನಾನು ತುರಿಮಣೆಯನ್ನೂ ತಂದಿದ್ದೆ.

ಒನೋಫ್ರೆ ಬೇಲಿ ಹಾರಿ ಓಡಿಬಂದ. ಒಂದು ಕಾಲಲ್ಲಿ ಚಪ್ಪಲಿಯಿರಲಿಲ್ಲ. ಈ ಗಂಡು ಮರ ಹೋದರೆ ತನ್ನ ಮರ ಕಾಯಿ ಕಟ್ಟುವುದಿಲ್ಲ, ಸುತ್ತಮುತ್ತ ಎಲ್ಲೂ ಬೇರೆ ಗಂಡಿಲ್ಲ ಎಂದ.

"ಯಾವ ಗಂಡು?" ಎಂದಳು ಎರ್ಮೆಲಿಂಡಾ. "ಇದು ಹೆಣ್ಣು. ಹೆಣ್ಣನ್ನ ಕಡಿದ್ರೆ ನಿಮಗೇನು ನಷ್ಟ, ಕೊಂಪಾದ್ರೆ?"

ನಾವು ನಕ್ಕೆವು. ಇಷ್ಟು ವರ್ಷ ಬಿಡದೆ ಆಡಿಕೊಂಡವನು ಅವನು, ಊರಿನ ಮುಂದೆ ಸೋಲುವ ಆಸಾಮಿಯಲ್ಲ. ಕೊಡಲಿ ಮೇಲೆದ್ದಿತು.

"ಆಯ್ತು, ಹೆಣ್ಣೇ," ಎಂದ ಒನೋಫ್ರೆ. "ನಾನೇ ತಪ್ಪು ತಿಳ್ಕೊಂಡಿದ್ದೆ. ಕಡೀಬೇಡಿ ಕೊಮಾದ್ರೆ. ನಮ್ಮ ಜೊವೀನಾ ನೆಟ್ಟ ಮರ ಬರಿದಾಗಿ ನಿಂತ್ರೆ ನನಗೆ ನೋಡೋಕಾಗಲ್ಲ."

ಈಗ ಯಾರೂ ನಗಲಿಲ್ಲ. ನಾನು ತುರಿಮಣೆಯನ್ನು ಬೆನ್ನ ಹಿಂದೆ ಸರಿಸಿದೆ. ಎರ್ಮೆಲಿಂಡಾ ಗೆದ್ದಿದ್ದಳು, ತಲೆಯಾಡಿಸಿ ಒಳಗೆ ಹೋಗಿದ್ದರೆ ಸಾಕಿತ್ತು. ಅವಳು ಕೊಡಲಿ ಇಳಿಸಿ, ಬೇಲಿಯಾಚೆಯ ಮರದ ಕಡೆ ನೋಡಿದಳು. ಆಮೇಲೆ ನಮಗೆಲ್ಲ ಕೇಳುವಂತೆ ಹೇಳಿದಳು:

"ಸುಳ್ಳು ಹೇಳ್ಬೇಡಿ ಕೊಂಪಾದ್ರೆ. ಗಂಡೇ ಇದು. ಆವತ್ತು ಜೊವೀನಾಗೆ ಒಳ್ಳೇದನ್ನೇ ಕೊಟ್ಟಿದ್ದೆ, ನನಗೇ ಗೊತ್ತಿಲ್ದೆ."