ಅತ್ತೆಯನ್ನು ಕೂರಿಸಿಕೊಂಡು ಗುಡುಗಿನ ಹಿಂದೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇದರ ಬಗ್ಗೆ ನಾಚಿಕೆಯಿಲ್ಲ. ಪ್ರತಿ ವರ್ಷ ಯುಗಾದಿ ಕಳೆದು, ನಾನು ಪಾಠ ಮಾಡುವ ಹಲಸೂರಿನ ಶಾಲೆಗೆ ಬೇಸಿಗೆ ರಜೆ ಬಂದ ಕೂಡಲೇ, ಮಧ್ಯಾಹ್ನದ ಊಟ ಮುಗಿಸಿ ಸ್ಕೂಟರ್ ತೆಗೆದು ಗುಡುಗು ಮಳೆ ಹುಡುಕಿಕೊಂಡು ಹೊರಡುತ್ತೇನೆ. ಹಿಂದಿನ ಸೀಟಿನಲ್ಲಿ ನನ್ನ ಅತ್ತೆ ಕೂತಿರುತ್ತಾರೆ. ನನಗೆ ಐವತ್ತೊಂದು, ಅವರಿಗೆ ಎಪ್ಪತ್ತಾರು. ಜೀವನ್ ಬಿಮಾ ನಗರದ ನಮ್ಮ ಬೀದಿಯಲ್ಲಿ ಮೋಡ ಕಟ್ಟಿದರೆ ಜನ ಒಣಹಾಕಿದ ಬಟ್ಟೆ ತೆಗೆಯಲು ಓಡುತ್ತಾರೆ, ನಾವಿಬ್ಬರು ಹೆಲ್ಮೆಟ್ ಹುಡುಕಲು ಓಡುತ್ತೇವೆ. ಹುಚ್ಚು ಎಂದವರಿದ್ದಾರೆ. ಅನ್ನಲಿ. ದಿನಾ ಸಂಜೆ ಟೀವಿ ಮುಂದೆ ಕೂತು ಯಾರದೋ ಮನೆಯ ಜಗಳಕ್ಕೆ ಅಳುವವರನ್ನು ಯಾರೂ ಹುಚ್ಚರು ಅನ್ನುವುದಿಲ್ಲವಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತದೆ ಗಾದೆ. ನಮ್ಮಿಬ್ಬರಿಗೂ ಇರುವುದು ಒಂದೇ ಕಾಲ, ಯುಗಾದಿಯಿಂದ ಮುಂಗಾರು ಹಿಡಿಯುವವರೆಗಿನ ಎರಡು ತಿಂಗಳು. ಮುಂಗಾರು ಹಿಡಿದ ಮೇಲೆ ಬರುವ ಜಿಟಿಜಿಟಿ ಮಳೆ ನಮಗೆ ಬೇಡ. ಅದು ಛತ್ರಿ ಹಿಡಿದು ಆಫೀಸಿಗೆ ಹೋಗುವವರ ಮಳೆ.

ನಾನು ಹುಟ್ಟಿ ಬೆಳೆದದ್ದು ಶಿವಾಜಿನಗರದಲ್ಲಿ. ಅಪ್ಪನಿಗೆ ರಸೆಲ್ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿ. ಆಕಾಶ ಕಪ್ಪಾದರೆ ಮನೆಮಂದಿಯೆಲ್ಲ ಟಾರ್ಪಾಲಿಗೆ ಕೈ ಹಾಕಬೇಕು, ಇಲ್ಲದಿದ್ದರೆ ಸೇವಂತಿಗೆ ಕೊಳೆಯುತ್ತದೆ. ಹಾಗಾಗಿ ಮದುವೆಯಾಗುವವರೆಗೆ ನಾನು ಒಂದು ಗುಡುಗು ಮಳೆಯನ್ನೂ ನೆಟ್ಟಗೆ ನೋಡಿರಲಿಲ್ಲ, ಟಾರ್ಪಾಲಿನ ಕೆಳಗೆ ಕೂತು ಸದ್ದು ಕೇಳಿದ್ದಷ್ಟೇ. ಅತ್ತೆಯದು ದೊಮ್ಮಲೂರಿನ ರೈತರ ಮನೆ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಆಫೀಸುಗಳಿವೆ, ರಸ್ತೆಯಿದೆ. "ನಮ್ಮ ಹೊಲದ ಬದುವಿನ ಮೇಲೆ ನಿಂತ್ರೆ ಮೂಡಲಿಂದ ಮಳೆ ನಡ್ಕೊಂಡು ಬರೋದು ಕಾಣ್ತಿತ್ತು ಕಣಮ್ಮಿ," ಎನ್ನುತ್ತಿದ್ದರು. ಹೊಲ ಹೋಯಿತೆಂದು ಅವರು ಎಂದೂ ಅತ್ತವರಲ್ಲ. ಆ ನೋಟ ಹೋಯಿತೆಂದು ಮಾತ್ರ ಗೊಣಗುತ್ತಿದ್ದರು.

ಮಾವ ತೀರಿಕೊಂಡ ವರ್ಷ ಇದು ಶುರುವಾಯಿತು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿದ್ದಾಗ ದೂರದಲ್ಲಿ ಗುಡುಗಿತು. ತಿಂಗಳಿಂದ ಸರಿಯಾಗಿ ಮಾತೇ ಆಡದ ಅತ್ತೆ, "ಇದು ಇಲ್ಲಿಗೆ ಬರಲ್ಲ. ಕೆ.ಆರ್. ಪುರದ ಮೇಲೆ ಸುರಿದು ಹೋಗ್ತೈತೆ," ಅಂದರು. "ನೋಡೇಬಿಡೋಣ ಬನ್ನಿ" ಎಂದು ಉಟ್ಟ ಬಟ್ಟೆಯಲ್ಲೇ ಸ್ಕೂಟರಿಗೆ ಹತ್ತಿಸಿದೆ. ಕೆ.ಆರ್. ಪುರದ ತೂಗು ಸೇತುವೆ ದಾಟುವಷ್ಟರಲ್ಲಿ ಮಳೆ ರಪರಪನೆ ಬಿತ್ತು. ಅವರು ಹೇಳಿದ ಜಾಗ, ಹೇಳಿದ ಹೊತ್ತು. ಒಂದು ಪೆಟ್ರೋಲ್ ಬಂಕಿನ ಚಾವಣಿ ಕೆಳಗೆ ನಿಂತು, ಮಾವ ಹೋದ ಮೇಲೆ ಅವರು ಮೊದಲ ಸಲ ನಕ್ಕರು. ಅವತ್ತಿಂದ ನಾವು ನಿಲ್ಲಿಸಿಲ್ಲ.

ನಮಗೂ ಒಂದು ಪದ್ಧತಿಯಿದೆ. ನಾನು ಮೊಬೈಲಿನಲ್ಲಿ ಮೋಡಗಳ ಚಿತ್ರ ನೋಡಿ ದಿಕ್ಕು ಹೇಳುತ್ತೇನೆ, ಅತ್ತೆ ಗಾಳಿ ನೋಡಿ ಅದನ್ನು ತಿದ್ದುತ್ತಾರೆ. ಗಾಳಿ ಪೂರ್ತಿ ನಿಂತು, ಸೆಕೆ ಕುದಿದು, ಆಮೇಲೆ ತಣ್ಣನೆ ಗಾಳಿ ಫಕ್ಕನೆ ಮುಖಕ್ಕೆ ಹೊಡೆದರೆ ಕಾಲು ಗಂಟೆಯೊಳಗೆ ಮಳೆ. ಮಿಂಚಿಗೂ ಗುಡುಗಿಗೂ ನಡುವೆ ಇಪ್ಪತ್ತು ಎಣಿಸಲು ಆಗದಿದ್ದರೆ ಬಯಲಲ್ಲಿ ನಿಲ್ಲುವಂತಿಲ್ಲ, ಮರದ ಕೆಳಗಂತೂ ಇಲ್ಲವೇ ಇಲ್ಲ. ಮೆಟ್ರೊ ನಿಲ್ದಾಣದ ಒಳಗೋ ಬಂಕಿಗೋ ಹೋಗಬೇಕು. ಒಂದೇ ತೊಂದರೆಯೆಂದರೆ ಅತ್ತೆ ದಾರಿ ಹೇಳುವ ರೀತಿ. "ಮಾವಿನ ತೋಪಿನ ಹತ್ರ ತಿರುಗ್ಸು" ಅಂತಾರೆ, ಅಲ್ಲಿರುವುದು ಮೇಲ್ಸೇತುವೆ. "ಗೋಕಟ್ಟೆ ದಾಟಿ ನಿಲ್ಸು" ಅಂತಾರೆ, ಅಲ್ಲಿರುವುದು ಕಾರಿನ ಷೋರೂಮು. ಬೈದುಕೊಂಡೇ ನಾನು ಆ ಹಳೆಯ ಊರನ್ನೂ ಕಲಿತೆ.

ಕಳೆದ ಯುಗಾದಿಯ ಹೊತ್ತಿಗೆ ಮನೆಯಲ್ಲಿ ಕಿರಿಕಿರಿ ಶುರುವಾಯಿತು. ಅತ್ತೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡರು, ಇನ್ನೊಮ್ಮೆ ಪಾಯಸದ ಲೋಟಕ್ಕೆ ಕೈ ತಾಗಿ ಚೆಲ್ಲಿತು. ನನ್ನ ಗಂಡ ಸಮಾಧಾನದ ಮನುಷ್ಯ, ಆದರೆ ಒಮ್ಮೆ ಹೆದರಿಕೊಂಡರೆ ಕಾನೂನು ಮಾಡಿಬಿಡುತ್ತಾರೆ. "ಅಮ್ಮನ ಕಣ್ಣು ಸರಿ ಇಲ್ಲ ಅನ್ಸುತ್ತೆ. ಹಾಗೇನಾದ್ರೂ ಇದ್ರೆ ಇನ್ಮೇಲೆ ಸ್ಕೂಟರ್ ಬಂದ್, ಮಳೆ ನೋಡೋದೂ ಬಂದ್," ಅಂದರು.

"ನನ್ನ ಕಣ್ಣಿಗೆ ಏನ್ ದಾಡಿ?" ಎಂದು ಅತ್ತೆ ಎದ್ದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು. ಒಂದು ಚೌಕದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು: "ಭರಣಿ ಮಳೆ ಹುಟ್ಟೋದು ಏಪ್ರಿಲ್ ಕೊನೇ ವಾರ. ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ. ಸಾಕಾ, ಇನ್ನೂ ಓದಲಾ?" ಗಂಡ ತಮ್ಮ ಕಾನೂನು ವಾಪಸು ತೆಗೆದುಕೊಂಡರು. ನಾನು ನಕ್ಕೆ. ಕಣ್ಣಿನ ಡಾಕ್ಟರಿಗೆ ತೋರಿಸೋಣ ಎಂದು ನಮ್ಮಿಬ್ಬರಲ್ಲಿ ಒಬ್ಬರೂ ಹೇಳಲಿಲ್ಲ. ಆ ನಗು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಮೇ ತಿಂಗಳ ಮೊದಲ ವಾರ. ಸೆಕೆ ತಡೆಯಲಾಗುತ್ತಿರಲಿಲ್ಲ, ಮೋಡ ಮಾತ್ರ ನಮ್ಮನ್ನು ಅತ್ತಲೂ ಇತ್ತಲೂ ಆಡಿಸುತ್ತಿತ್ತು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಒಂದು ದೊಡ್ಡ ಸೀರೆ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ, ಅತ್ತೆಯನ್ನು ಇಳಿಸಿ, ನಾನು ಮೊಬೈಲ್ ನೋಡುತ್ತಿದ್ದೆ. ಅತ್ತೆ ಥಟ್ಟನೆ ನನ್ನ ತೋಳು ಹಿಡಿದರು.

"ಬಂತು ಕಣಮ್ಮಿ. ತಣ್ಣನೆ ಗಾಳಿ. ಮುಖಕ್ಕೇ ಹೊಡೀತು ನೋಡು."

ತಲೆಯೆತ್ತಿ ನೋಡಿದೆ. ರಸ್ತೆ ಬದಿಯ ಮರದಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಅತ್ತೆಯ ಎದುರಿಗೇ, ನಾಲ್ಕು ಹೆಜ್ಜೆ ದೂರದಲ್ಲಿ, ಅಂಗಡಿಯ ಗಾಜಿನ ಬಾಗಿಲು ತೆರೆದುಕೊಂಡಿತ್ತು. ಚೀಲ ಹಿಡಿದ ಹೆಂಗಸರು ಹೊರಗೆ ಬರುತ್ತಿದ್ದರು, ಜೊತೆಗೆ ಒಳಗಿನ ಏಸಿಯ ತಂಪೂ ಬರುತ್ತಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಅತ್ತೆ, ಅದು ಸೀರೆ ಅಂಗಡಿ ಗಾಳಿ. ಮಳೆ ಅಲ್ಲ, ರೇಷ್ಮೆ ಸೀರೆ ಬರ್ತಿದೆ."

ಅವರೂ ನಕ್ಕರು. ಆದರೆ ಸ್ವಲ್ಪ ತಡವಾಗಿ. ಅಷ್ಟರಲ್ಲಿ ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದೆ. ಅವರು ನಾನು ಮೊದಲು ನಿಂತಿದ್ದ ಜಾಗವನ್ನು ನೋಡಿಕೊಂಡೇ ನಗುತ್ತಿದ್ದರು. ನನ್ನ ನಗು ಅಲ್ಲೇ ನಿಂತಿತು. ಆಳೆತ್ತರದ ಬಾಗಿಲು, ಪಕ್ಕದಲ್ಲಿ ಕೆಂಪು ಸೀರೆ ಉಟ್ಟ ಬೊಂಬೆ, ಹಗಲಲ್ಲೂ ಉರಿಯುವ ದೀಪಗಳ ಸಾಲು. ಇದ್ಯಾವುದನ್ನೂ ಅವರು ಕಂಡಿರಲಿಲ್ಲ.

"ಅತ್ತೆ, ನನ್ನ ಕೈಯಲ್ಲಿ ಏನಿದೆ ಹೇಳಿ."

"ಇನ್ನೇನು, ಫೋನು."

ಫೋನನ್ನು ಚೀಲಕ್ಕೆ ಹಾಕಿ ಆಗಿತ್ತು. ನನ್ನ ಕೈಯಲ್ಲಿದ್ದದ್ದು ಹೆಲ್ಮೆಟ್.

ಅಂಗಡಿಯ ಮೆಟ್ಟಿಲ ಮೇಲೆ ಕೂತು ಅವರು ಮೆತ್ತಗೆ ಹೇಳಿದರು. ಬಹಳ ದಿನದಿಂದ ಪಕ್ಕದ್ದೆಲ್ಲ ಮಾಯವಾಗುತ್ತಾ ಬಂದಿತ್ತಂತೆ, ಯುಗಾದಿಯಿಂದ ಈಚೆಗೆ ಎದುರಿಗೂ ಮಬ್ಬು. "ಮಿಂಚು ಕಾಣ್ತೈತೆ. ಮಿಂಚು ಮಾತ್ರ ಚೆನ್ನಾಗಿ ಕಾಣ್ತೈತೆ."

"ಮತ್ತೆ ಕ್ಯಾಲೆಂಡರ್ ಓದಿದ್ರಿ?"

"ಭರಣಿ ಯಾವಾಗ ಹುಟ್ಟೋದು ಅಂತ ರೈತರ ಮನೆ ಹೆಣ್ಣು ಓದಿ ತಿಳ್ಕೋಬೇಕಾ?"

"ನನಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ಕರ್ಕೊಂಡು ಬರ್ತಿದ್ದಾ ನೀನು?"

ಅಳುವೂ ಬಂತು, ಸಿಟ್ಟೂ ಬಂತು, ಸಿಟ್ಟು ಮುಂದೆ ಬಂತು. ರಜೆ ಶುರುವಾದಾಗಿನಿಂದ ನಾನು ಸ್ಕೂಟರ್ ಓಡಿಸುತ್ತಾ "ಅಲ್ಲಿ ನೋಡಿ, ಆ ಮೋಡದ ಅಂಚು ನೋಡಿ" ಎಂದು ಕಿರುಚಿದ್ದೇ ಕಿರುಚಿದ್ದು. ಅವರು ಹಿಂದಿನಿಂದ "ಹೂಂ, ಚೆನ್ನಾಗೈತೆ" ಅನ್ನುತ್ತಿದ್ದರು. ನನಗೆ ನನ್ನ ಮೇಲೇ ಮೈ ಉರಿಯಿತು.

ಮಾರನೆಯ ದಿನ ಮಾರುಕಟ್ಟೆಗೆ ಹೋಗುತ್ತೇವೆಂದು ಮನೆಯಲ್ಲಿ ಸುಳ್ಳು ಹೇಳಿ ಕಣ್ಣಿನ ಡಾಕ್ಟರ ಬಳಿ ಹೋದೆವು. ಆಕೆ ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು. ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದದ್ದು ಉಳಿಯಲಿ ಎಂದು ದಿನಾ ಹನಿ ಔಷಧ ಹಾಕಬೇಕು ಎಂದಳು. ಇಷ್ಟು ತಡ ಯಾಕೆ ಮಾಡಿದಿರಿ ಎಂದು ಬೈದಳು. ಬೈಸಿಕೊಂಡೆ, ಅದು ನ್ಯಾಯವಾದ ಬೈಗುಳ. ಅತ್ತೆ ಕೇಳಿದ್ದು ಒಂದೇ ಮಾತು: "ಮಿಂಚು ಎಷ್ಟು ದಿನ ಕಾಣ್ತೈತೆ ಡಾಕ್ಟ್ರೇ?" ಆಕೆ ಪೆನ್ನು ಕೆಳಗಿಟ್ಟು, "ಖಂಡಿತವಾಗಿ ಹೇಳೋಕಾಗಲ್ಲ ಅಜ್ಜಿ. ಈ ಬೇಸಿಗೆಗೆ ತೊಂದರೆ ಇಲ್ಲ," ಎಂದಳು.

ಹೊರಗೆ ಬಂದು ಅತ್ತೆ ನನ್ನ ಕೈ ಹಿಡಿದರು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅವರು ನನ್ನಲ್ಲಿ ಏನನ್ನೂ ಬೇಡಿದವರಲ್ಲ. "ಅವನಿಗೆ ಈಗಲೇ ಹೇಳ್ಬೇಡ. ಒಂದೇ ಒಂದು ಆಲಿಕಲ್ಲು ಮಳೆ ನೋಡ್ಬಿಡ್ತೀನಿ. ಆಮೇಲೆ ನೀನೇ ಹೇಳು." ನಾನು ಒಪ್ಪಿಕೊಂಡೆ. ಮಗನಿಂದ ಮುಚ್ಚಿಟ್ಟದ್ದು ತಪ್ಪೇ ಎಂದು ಯಾರಾದರೂ ಕೇಳಿದರೆ ತಪ್ಪೇ ಎನ್ನುತ್ತೇನೆ. ಮತ್ತೆ ಹಾಗೇ ಮಾಡುತ್ತೀಯಾ ಎಂದು ಕೇಳಿದರೆ ಮಾಡುತ್ತೇನೆ ಎನ್ನುತ್ತೇನೆ. ಕಣ್ಣು ಅವರದು, ಅದರಲ್ಲಿ ಕೊನೆಗೆ ಏನು ತುಂಬಿಕೊಳ್ಳಬೇಕು ಎಂಬುದೂ ಅವರದೇ.

ಎರಡು ವಾರ ಹನಿ ಔಷಧವನ್ನು ನನ್ನ ಬೀರುವಿನಲ್ಲಿ ಬಚ್ಚಿಟ್ಟು ಹಾಕಿದೆ. ಆಮೇಲೊಂದು ಶನಿವಾರ, ಮೂರು ಗಂಟೆಗೆ, ಮೊಬೈಲಿನ ಚಿತ್ರದಲ್ಲಿ ಹೊಸಕೋಟೆಯ ಮೇಲೆ ಕಡುಕೆಂಪು ಬಣ್ಣ ಕೂತಿತ್ತು. ಹಳೇ ಮದ್ರಾಸ್ ರಸ್ತೆ ಹಿಡಿದೆ. ಕೆ.ಆರ್. ಪುರ ದಾಟಿ, ಮೊದಲ ವರ್ಷ ನಿಂತಿದ್ದ ಅದೇ ಪೆಟ್ರೋಲ್ ಬಂಕಿನ ಕಚೇರಿಯ ಪಕ್ಕದ ಜಗಲಿಗೆ ಅವರನ್ನು ಕರೆದುಕೊಂಡು ಹೋದೆ. ಅಲ್ಲಿಂದ ಮೂಡಲು ತೆರೆದು ಕಾಣುತ್ತದೆ. ಹತ್ತಿರದ ಕಟ್ಟಡದ ಕೆಲಸದಿಂದ ಓಡಿಬಂದ ಹೆಂಗಸರು ಆಗಲೇ ಅಲ್ಲಿ ಸೇರಿದ್ದರು.

ಗಾಳಿ ನಿಂತಿತು. ಸೆಕೆ ಕುದಿಯಿತು. ಆಮೇಲೆ ದೂಳು, ಕಾಗದ, ಒಣ ಎಲೆ ಎಲ್ಲವನ್ನೂ ಎತ್ತಿಕೊಂಡು ತಣ್ಣನೆ ಗಾಳಿ ಬಂದು ನಮ್ಮ ಮುಖಕ್ಕೆ ಹೊಡೆಯಿತು.

"ಇದು ಸೀರೆ ಅಂಗಡಿ ಅಲ್ಲ ತಾನೆ?" ಎಂದು ಅತ್ತೆ ಕೇಳಿದರು.

"ಅಲ್ಲ ಅತ್ತೆ."

ಭುಜ ಹಿಡಿದು ಅವರನ್ನು ಮಿಂಚಿನ ಕಡೆಗೆ ತಿರುಗಿಸಿದೆ. ಅವರ ಕಣ್ಣಲ್ಲಿ ಉಳಿದಿದ್ದ ಆ ಸಣ್ಣ ಮಬ್ಬು ಬೆಳಕಿನ ಎದುರಿಗೆ ಮಿಂಚು ಬರಲಿ ಎಂದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅವರ ತಲೆ ಸರಿಪಡಿಸುತ್ತಾ ನಿಂತೆ. ಪ್ರತಿ ಮಿಂಚಿಗೂ ಅವರು "ಕಂಡೆ" ಎಂದರು. "ಕಂಡೆ. ಕಂಡೆ. ಅದೂ ಕಂಡೆ." ಅಷ್ಟರಲ್ಲಿ ಚಾವಣಿಯ ಮೇಲೆ ಕಲ್ಲು ಸುರಿದ ಹಾಗೆ ಸದ್ದಾಯಿತು. ಅತ್ತೆ ಸದ್ದಿನ ಕಡೆಗೆ ಕೈ ಚಾಚಿದರು. ಮಳೆ ಕೈಗೆ ಎಟುಕಲಿಲ್ಲ. ಕೆಲಸದ ಹೆಂಗಸರಲ್ಲಿ ಒಬ್ಬಳು, ಯಾದಗಿರಿಯ ಕಡೆಯವಳು, ಬಗ್ಗಿ ನಾಲ್ಕು ಕಲ್ಲು ಆರಿಸಿ ಅವರ ಅಂಗೈಗೆ ಹಾಕಿದಳು. "ಆಣೆಕಲ್ಲು ತಗೋರಿ ಅಜ್ಜಿ. ಬಾಯಾಗ ಹಾಕ್ಕೋರಿ, ಛಲೋ ಇರ್ತಾವ." ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿದರು. ನನಗೆ ಅಳು ತಡೆಯಲಾಗಲಿಲ್ಲ. ಮಳೆಯ ಸದ್ದಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಮಳೆ ನಿಂತ ಮೇಲೆ ಹೊರಟು ಮನೆಗೆ ಬಂದಾಗ ಗಂಡ ಗೇಟಿನಲ್ಲೇ ನಿಂತಿದ್ದರು, ಮುಖ ಕೆಂಡ. ಕೊಟ್ಟ ಮಾತಿನಂತೆ ನಾನೇ ಶುರು ಮಾಡಿದೆ. "ರೀ, ಅಮ್ಮನಿಗೆ ಕಣ್ಣು ಕಾಣಲ್ಲ. ಡಾಕ್ಟರಿಗೆ ತೋರಿಸಿದ್ದೀನಿ. ನಿಮಗೆ ಹೇಳದೇ ಇದ್ದದ್ದು ನಾನು." ಎಲ್ಲವನ್ನೂ ಹೇಳಿದೆ, ಸೀರೆ ಅಂಗಡಿಯ ಗಾಳಿಯನ್ನೂ ಬಿಡಲಿಲ್ಲ.

ಅವರ ದನಿ ಇಡೀ ಬೀದಿಗೆ ಕೇಳಿಸಿತು. "ಕಣ್ಣು ಕಾಣದೋರನ್ನ ಆಲಿಕಲ್ಲು ಮಳೆಗೆ ಕರ್ಕೊಂಡು ಹೋಗಿದ್ದೀಯಾ? ತಲೆ ನೆಟ್ಟಗಿದೆಯಾ ನಿಂಗೆ?"

ಅತ್ತೆ ನಡುವೆ ಬಂದು ಸೆರಗಿನ ಗಂಟು ಚಾಚಿದರು. "ಬೈಬೇಡ ಅವಳನ್ನ. ತಗೋ, ನಿಂಗೆ ಅಂತ ತಂದೆ. ಚಿಕ್ಕೋನಿದ್ದಾಗ ಆಲಿಕಲ್ಲು ಬೇಕು ಅಂತ ಹಟ ಮಾಡ್ತಿದ್ದೆ." ಗಂಟಿನಲ್ಲಿ ಏನೂ ಉಳಿದಿರಲಿಲ್ಲ, ಬರೀ ಒದ್ದೆ ಬಟ್ಟೆ. "ಕರಗೋಯ್ತೇನೋ. ದಾರೀಲಿ ಸಿಗ್ನಲ್ ಜಾಸ್ತಿ."

"ಅದೆಲ್ಲ ಬಿಡಮ್ಮ. ಅಷ್ಟು ದೂರ ಹೋಗಿ ನಿಂಗೆ ಏನ್ ಕಾಣ್ತು, ಅದನ್ನ ಹೇಳು."

"ಮಿಂಚು ಕಂಡೆ," ಎಂದರು ಅತ್ತೆ. "ಯುಗಾದಿಯಿಂದ ನಿನ್ನ ಮುಖ ಕಂಡಿಲ್ಲ ಕಣಪ್ಪ. ದಿನಾ ಎದುರಿಗೇ ಕೂತು ಊಟ ಮಾಡ್ತೀಯ. ಒಂದಿನ ಕೇಳಿದ್ಯಾ?"

ಗಂಡ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆ ಒದ್ದೆ ಸೆರಗು ಅವರ ಕೈಯಲ್ಲೇ ಇತ್ತು. ನಾನು ಒಳಗೆ ಹೋಗಿ ಬೀರುವಿನಿಂದ ಔಷಧದ ಸೀಸೆ ತಂದು ಅವರ ಪಕ್ಕದಲ್ಲಿಟ್ಟೆ. ಅವತ್ತಿನ ಹನಿ ಅವರೇ ಹಾಕಿದರು.

ಮಾರನೆಯ ಮಧ್ಯಾಹ್ನ ಮತ್ತೆ ಗುಡುಗಿತು. ನಾನು ಯಾರ ಮುಖವನ್ನೂ ನೋಡದೆ ಸ್ಕೂಟರಿನ ಕೀ ತೆಗೆದುಕೊಂಡೆ. ಬೇಡ ಎಂದರೆ ಜಗಳಕ್ಕೆ ಸಿದ್ಧವಾಗಿಯೇ ಹೊರಗೆ ಬಂದೆ. ಅತ್ತೆ ಆಗಲೇ ಗೇಟಿನ ಬಳಿ ನಿಂತಿದ್ದರು, ಹೆಲ್ಮೆಟ್ ಹಿಂದುಮುಂದಾಗಿ ಹಾಕಿಕೊಂಡು. ಗಂಡ ಓದುತ್ತಿದ್ದ ಪೇಪರ್ ಕೆಳಗಿಟ್ಟು ಎದ್ದು ಅಮ್ಮನ ಬಳಿಗೆ ಹೋದರು. ಹೆಲ್ಮೆಟ್ ತೆಗೆದು, ಸರಿಯಾಗಿ ತಿರುಗಿಸಿ ಹಾಕಿ, ಗಲ್ಲದ ಕೆಳಗೆ ಪಟ್ಟಿ ಬಿಗಿದರು. ಆಮೇಲೆ ಬಗ್ಗಿ ತಮ್ಮ ಮುಖವನ್ನು ಅಮ್ಮನ ಮುಖದ ತೀರಾ ಹತ್ತಿರಕ್ಕೆ ತಂದು ನಿಂತರು.

"ಈಗ ಕಾಣ್ತೀನೇನಮ್ಮಾ?"

ಅತ್ತೆ ಅವರ ಗಲ್ಲ ಸವರಿದರು. "ಗಡ್ಡ ಬೋಳಿಸಿಲ್ಲ ನೀನು," ಎಂದರು. "ಸರಿ, ಬಿಡು. ಮಳೆ ಕಾಯಲ್ಲ."