ಹನ್ನೆರಡನೆಯದು ನಮ್ಮದು

ಒಣಗಿದ ಅಂಟಿನ ರುಚಿ ನಿಮ್ಮಲ್ಲಿ ಕೆಲವರಿಗಾದರೂ ನೆನಪಿದ್ದೀತು. ಅಂಚೆ ಲಕೋಟೆಯ ಅಂಚನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಮುಚ್ಚಿದವರಿಗೆ ಗೊತ್ತು: ಮೊದಲು ಸಪ್ಪೆ, ಆಮೇಲೆ ತುಸು ಸಿಹಿ, ಕೊನೆಗೆ ನಾಲಿಗೆಯ ತುದಿಯಲ್ಲಿ ಉಳಿದುಬಿಡುವ ಒಗರು. ಕಳೆದ ತಿಂಗಳು ಕೊಚ್ಚಿಯ ಪಾಲಾರಿವಟ್ಟಂನ ನನ್ನ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಿಂತು, ಅಪ್ಪನ ಕ್ಯಾಮೆರಾದಿಂದ ತೆಗೆದ ಫಿಲ್ಮಿನ ಸುರುಳಿಗೆ ಸುತ್ತುವ ಕಾಗದದ ಪಟ್ಟಿಯನ್ನು ನೆಕ್ಕಿದೆ. ಮೂವತ್ತು ವರ್ಷಕ್ಕೆ ಹತ್ತಿರವಾದ ಅಂಟು, ಸತ್ತೇ ಹೋಗಿರಬೇಕಿತ್ತು. ಆದರೂ ಅದೇ ರುಚಿ ಬಂತು, ಅದರ ಹಿಂದೆಯೇ ಶ್ರೀಕಾರ್ಯಂನ ಮನೆಯ ಕೆಂಪು ಗಾರೆಯ ನೆಲ, ಅಪ್ಪನ ಅಂಗಿಯಿಂದ ಬರುತ್ತಿದ್ದ ಡಾರ್ಕ್‌ರೂಮಿನ ಹುಳಿ ವಾಸನೆ, ಅವ್ವ ಶೇಂಗಾ ಹುರಿಯುವ ಸದ್ದು ಎಲ್ಲವೂ ಬಂದವು. ಅಳು ಮಾತ್ರ ಬರಲಿಲ್ಲ. ಹೋದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡಾಗಲೂ ಬಂದಿರಲಿಲ್ಲ. ನನಗೆ ಏನೂ ಅನ್ನಿಸಲಿಲ್ಲ, ಏನೂ ಅನ್ನಿಸುತ್ತಿಲ್ಲವಲ್ಲ ಎಂಬುದಷ್ಟೇ ಅನ್ನಿಸಿತು. ಮೂರನೆಯ ದಿನ ಬ್ಯಾಂಕಿಗೆ ಹೋಗಿ ನನ್ನ ಕೌಂಟರಿನಲ್ಲಿ ಕೂತಿದ್ದೆ.

ಅಪ್ಪ ಧಾರವಾಡದ ಕಡೆಯವರು. ತಿರುವನಂತಪುರದ ಅಂಚಿನ ಶ್ರೀಕಾರ್ಯಂನಲ್ಲಿ ಬೆಳೆ ಸಂಶೋಧನೆಯ ಒಂದು ಕಚೇರಿಯಲ್ಲಿ ಫೋಟೋ ತೆಗೆಯುವುದು ಅವರ ನೌಕರಿ. ಮನುಷ್ಯರ ಫೋಟೋ ಅಲ್ಲ, ಎಲೆಗಳದ್ದು. ಮರಗೆಣಸಿನ ಎಲೆ ಹಳದಿಯಾಗಿ ಮುದುಡಿದ್ದು, ತೂತು ಬಿದ್ದದ್ದು, ಏನೂ ಆಗದೆ ಹಸಿರಾಗಿ ಉಳಿದದ್ದು. ಪ್ರತಿ ಎಲೆಯ ಪಕ್ಕದಲ್ಲೂ ಒಂದು ಮರದ ಸ್ಕೇಲು, ಒಂದು ಚೀಟಿ. ಕ್ಯಾಮೆರಾ ಅವರ ಸ್ವಂತದ್ದು, ಒಂದರ ಮೇಲೊಂದು ಎರಡು ಕಣ್ಣಿನದು. ಮೇಲಿನ ಕಣ್ಣು ನೋಡುತ್ತದೆ, ಕೆಳಗಿನದು ಚಿತ್ರ ತೆಗೆಯುತ್ತದೆ. ಅದಕ್ಕೆ ಹಾಕುವ ಫಿಲ್ಮು ಮೂರು ಬೆರಳಗಲ. ಈಗಿನ ಹುಡುಗರು ಮೀಡಿಯಂ ಫಾರ್ಮ್ಯಾಟ್ ಎಂದು ಬಾಯಿತುಂಬ ಹೇಳುವುದು ಇದನ್ನೇ. ಫಿಲ್ಮಿನ ಹಿಂದೆ ಕಪ್ಪು ಕಾಗದ, ಕಾಗದದ ಮೇಲೆ ಒಂದರಿಂದ ಹನ್ನೆರಡರವರೆಗೆ ಅಂಕಿಗಳು, ಆ ಅಂಕಿ ಕಾಣಲು ಕ್ಯಾಮೆರಾದ ಬೆನ್ನಲ್ಲೊಂದು ಕೆಂಪು ಕಿಂಡಿ. ಒಂದು ಸುರುಳಿಗೆ ಹನ್ನೆರಡೇ ಚಿತ್ರ, ಹನ್ನೆರಡೂ ಚೌಕ. ಒಂದನ್ನು ತೆಗೆದ ಮೇಲೆ ಪಕ್ಕದ ನಾಬ್ ತಿರುವಿ ಮುಂದಿನ ಅಂಕಿ ತಂದುಕೊಳ್ಳಬೇಕು. ಮರೆತರೆ ಚಿತ್ರದ ಮೇಲೆ ಚಿತ್ರ ಕೂರುತ್ತದೆ. ಕ್ಯಾಮೆರಾ ಬೇಡ ಅನ್ನುವುದಿಲ್ಲ. "ಇದಕ್ಕ ನೆನಪು ಅನ್ನೂದಿಲ್ಲ ನೋಡು," ಅನ್ನುತ್ತಿದ್ದರು ಅಪ್ಪ. "ನೆನಪು ನಾವಽ ಇಟ್ಕೋಬೇಕು. ಒತ್ತಿದ ಕೂಡ್ಲೆ ತಿರುವು." ಅವರು ಹನ್ನೊಂದು ಸಲ ಹಾಗೇ ಮಾಡುತ್ತಿದ್ದರು. ಹನ್ನೆರಡನೆಯ ಸಲ ಮಾತ್ರ ಬೇರೆ.

ಸುರುಳಿಯ ಕೊನೆಯ ಚೌಕಕ್ಕೆ, ತೊಳೆದು ನೇತುಹಾಕುವಾಗ, ಕ್ಲಿಪ್ಪಿನ ಗಾಯವಾಗುವ ಭಯ ಇತ್ತು. ಆದ್ದರಿಂದ ಅಪ್ಪ ಕಚೇರಿಯ ಎಲೆಯನ್ನು ಅದರ ಮೇಲೆ ಎಂದೂ ತೆಗೆದವರಲ್ಲ. "ಹನ್ನೆರಡನೇದು ನಮ್ದು," ಅನ್ನುವರು. ಹನ್ನೊಂದನೆಯ ಎಲೆ ಮುಗಿದ ದಿನ ಮಧ್ಯಾಹ್ನದ ಊಟಕ್ಕೆ ಬರುವಾಗ ಕ್ಯಾಮೆರಾ ಕೊರಳಲ್ಲಿರುತ್ತಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬರಬೇಕು, ನಾನು ಶಾಲೆಯ ಯೂನಿಫಾರಂನಲ್ಲೇ ನಿಲ್ಲಬೇಕು. ಹಬ್ಬವಿಲ್ಲ, ಹುಟ್ಟುಹಬ್ಬವಿಲ್ಲ, ಎಲೆಗಳು ಯಾವತ್ತು ಹನ್ನೊಂದಾಗುತ್ತವೋ ಅವತ್ತು ನಮ್ಮ ಫೋಟೋ. ಅವ್ವನ ಕೈಗೆ ಸ್ಕೇಲು ಕೊಟ್ಟು, ನನ್ನ ಎದೆಗೆ 'ನಿರೋಗಿ' ಎಂಬ ಚೀಟಿ ಸಿಕ್ಕಿಸಿ ತಮಾಷೆ ಮಾಡುವರು. ಆಮೇಲೆ ಕ್ಯಾಮೆರಾದ ಮುಚ್ಚಳ ತೆರೆದು, ಹೊಟ್ಟೆಗೆ ಆನಿಸಿಕೊಂಡು, ತಲೆಬಾಗಿ ಒಳಗೆ ನೋಡುವರು. ಬೇರೆಯವರ ಅಪ್ಪಂದಿರು ಫೋಟೋ ತೆಗೆಯುವಾಗ ಒಂದು ಕಣ್ಣು ಮುಚ್ಚುತ್ತಿದ್ದರು. ನಮ್ಮ ಅಪ್ಪ ನಮ್ಮ ಮುಂದೆ ತಲೆಬಾಗುತ್ತಿದ್ದರು. ಒತ್ತಿದ ಮೇಲೆ ತಿರುವುತ್ತಿರಲಿಲ್ಲ. ಕ್ಯಾಮೆರಾದ ಪಟ್ಟಿಯನ್ನು ತಮ್ಮ ಕೊರಳಿಂದ ತೆಗೆದು ನನ್ನ ಕೊರಳಿಗೆ ಹಾಕುವರು. ಸುರುಳಿ ಮುಗಿಸುವುದು ನನ್ನ ಕೆಲಸ. ಹನ್ನೆರಡು ಎಂಬ ಅಂಕಿ ಕಿಂಡಿಯಿಂದ ಜಾರಿ ಹೋಗುವವರೆಗೆ ನಾಬ್ ತಿರುವಬೇಕು. ಇದ್ದಕ್ಕಿದ್ದ ಹಾಗೆ ಕೈಗೆ ಹಗುರಾಗುತ್ತದೆ, ಅಲ್ಲಿಗೆ ಮುಗಿಯಿತು. ಅಪ್ಪ ಒಳಕೋಣೆಯ ನೆರಳಿಗೆ ಹೋಗಿ ಬೆನ್ನು ತೆರೆದು ಸುರುಳಿ ತೆಗೆಯುವರು, ನಾನು ಕಾಗದದ ಪಟ್ಟಿ ನೆಕ್ಕಿ ಅಂಟಿಸುವೆ. ಅವ್ವ ಬಾಗಿಲಲ್ಲಿ ನಿಂತು, "ಹುಡುಗಿ ಹೊಟ್ಟ್ಯಾಗ ಬರೇ ಅಂಟು ತುಂಬ್ರಿ," ಎಂದು ಬಯ್ಯುವಳು.

ಅವ್ವನಿಗೆ ಕೊನೆಯವರೆಗೂ ಮಲಯಾಳಂ ಬರಲಿಲ್ಲ. "ಬಾಯಾಗ ಬಿಸಿ ಗೆಣಸು ಇಟ್ಕೊಂಡು ಮಾತಾಡಿಧಂಗ ಮಾತಾಡ್ತಾರ," ಎಂದು ನಗುತ್ತಿದ್ದಳು. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಜೋಳದ ಹಿಟ್ಟು ತೀರಿದ ವಾರಗಳಲ್ಲಿ ಎಲ್ಲರಂತೆ ಕಪ್ಪ ಬೇಯಿಸಿದಳು. ಅಲ್ಲಿಯವರು ಮರಗೆಣಸಿಗೆ ಹೇಳುವ ಹೆಸರು ಅದು, ಅವರು ಅದಕ್ಕೆ ಮೀನಿನ ಸಾರು ನೆಂಚಿಕೊಳ್ಳುತ್ತಾರೆ. ಅವ್ವ ಶೇಂಗಾ ಚಟ್ನಿಪುಡಿ ಉದುರಿಸಿ, ಮೇಲೆ ಕುಸುಬಿ ಎಣ್ಣೆ ಹಾಕಿ ಕೊಡುತ್ತಿದ್ದಳು. ಪಕ್ಕದ ಮನೆಯ ಚೇಚಿ, ಅಂದರೆ ಅಕ್ಕ, ಒಮ್ಮೆ ರುಚಿ ನೋಡಿ, ಆಮೇಲೆ ಬಟ್ಟಲು ಹಿಡಿದುಕೊಂಡೇ ಬರತೊಡಗಿದಳು. ನಾನು ಮಾತ್ರ ಅಷ್ಟು ಹೊತ್ತಿಗೆ ಮನೆಯ ಭಾಷೆಗೆ ನಾಚುತ್ತಿದ್ದೆ. ಅವ್ವ ಕನ್ನಡದಲ್ಲಿ ಕೇಳಿದರೆ ನಾನು ಮಲಯಾಳಂನಲ್ಲಿ ಉತ್ತರಿಸುವೆ. ಅವಳು ಅದರಲ್ಲಿ ಎರಡು ಮೂರು ಪದ ಹಿಡಿದು ಉಳಿದದ್ದನ್ನು ನನ್ನ ಮುಖದಲ್ಲಿ ಓದಿಕೊಳ್ಳುತ್ತಿದ್ದಳು. ಅವಳಿಗೆ ಚೆನ್ನಾಗಿ ಗೊತ್ತಿದ್ದ ಒಂದು ಮಾತೆಂದರೆ 'ವೇಂಡ', ಬೇಡ. ನಾನೇ ಕಲಿಸಿದ್ದು, ದಿನಕ್ಕೆ ಹತ್ತು ಸಲ ಹೇಳಿ.

ನನಗೆ ಹನ್ನೊಂದು ತುಂಬಿದ ವರ್ಷ ಅವ್ವ ಉಳ್ಳೂರಿನ ಒಂದು ಆಸ್ಪತ್ರೆ ಸೇರಿದಳು. ರೋಗದ ಹೆಸರನ್ನು ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಎರಡು ತಿಂಗಳಲ್ಲಿ ಅವಳ ಕೂದಲು ಹೋಯಿತು, ಕೆನ್ನೆ ಹೋಯಿತು, ಕಣ್ಣು ಮಾತ್ರ ಮೊದಲಿಗಿಂತ ದೊಡ್ಡದಾಯಿತು. ಒಂದು ಮಧ್ಯಾಹ್ನ ಅಪ್ಪ ನನ್ನನ್ನು ಶಾಲೆಯಿಂದ ನೇರ ಅಲ್ಲಿಗೆ ಕರೆದುಕೊಂಡು ಹೋದರು. ಕ್ಯಾಮೆರಾ ಕೊರಳಲ್ಲಿತ್ತು, ಹನ್ನೊಂದು ಎಲೆ ಮುಗಿದಿದ್ದವು. ಕಿಟಕಿಯ ಬೆಳಕು ಮಂಚದ ಮೇಲೆ ಬೀಳುತ್ತಿತ್ತು. ಅವ್ವ ಕಷ್ಟಪಟ್ಟು ಎದ್ದು ಕೂತಳು. ಮೊಣಕೈ ಊರಿ ಒಂದು ಕಡೆಗೆ ಸರಿದಳು, ಸುಕ್ಕಾದ ಚಾದರವನ್ನು ಅಂಗೈಯಿಂದ ಸವರಿ ನೇರ ಮಾಡಿದಳು. "ಬಾ, ನನ್ನ ಬಾಜೂಕ ಕೂಡು," ಅಂದಳು. ಆ ಬೋಳು ತಲೆಯ ಪಕ್ಕ ನಾನು ಕೂರಲಾರದೆ ಹೋದೆ. ಹೆದರಿಕೆಯಾಗಿತ್ತು, ನಾಚಿಕೆಯೂ ಆಗಿತ್ತು. ಎರಡನ್ನೂ ಇಲ್ಲಿ ಮುಚ್ಚಿಡುವುದಿಲ್ಲ. "ವೇಂಡ," ಅಂದೆ. ಹೊರಗೆ ಹೋಗಿ ವರಾಂಡದ ಬೆಂಚಿನ ಮೇಲೆ ಕೂತು ನೆಲ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅಪ್ಪ ಬಂದರು. ನನ್ನ ಮುಂದೆ ನಿಂತರು, ಕೊರಳ ಪಟ್ಟಿಗೆ ಕೈ ಹಾಕಿದರು. ನಾನು ತಲೆ ಎತ್ತಲಿಲ್ಲ. ಕೈ ತೆಗೆದು, "ನಡಿ, ಮನೀಗೆ ಹೋಗೂಣು," ಅಂದರು. ಒಂಬತ್ತು ದಿನದ ಮೇಲೆ ಅವ್ವ ಹೋದಳು.

ಕ್ಯಾಮೆರಾ ಅಲಮಾರಿ ಸೇರಿತು. ಆ ಹನ್ನೊಂದು ಎಲೆಗಳನ್ನು ಅಪ್ಪ ಕಚೇರಿಗಾಗಿ ಬೇರೊಂದು ಕ್ಯಾಮೆರಾದಲ್ಲಿ ಮತ್ತೆ ತೆಗೆದರು. ನನ್ನಿಂದಾಗಿ ಫೋಟೋ ಆಗಲಿಲ್ಲ, ಅವ್ವನ ಕೊನೆಯ ಚಿತ್ರ ಎಂಬುದೊಂದು ಇಲ್ಲದೆ ಹೋದದ್ದು ನನ್ನ 'ವೇಂಡ'ದಿಂದ ಎಂದು ನಾನು ತಿಳಿದೆ. ಯಾರೂ ಹಾಗೆ ಹೇಳಲಿಲ್ಲ. ಹೇಳದಿದ್ದದ್ದೇ ಅದನ್ನು ಗಟ್ಟಿ ಮಾಡಿತು. ಕಾಲೇಜಿನಲ್ಲಿದ್ದಾಗ ಒಮ್ಮೆ ಧೈರ್ಯ ಮಾಡಿ, ಕ್ಯಾಮೆರಾದ ಫಿಲ್ಮು ತೆಗೆಯುವುದಿಲ್ಲವೇ ಎಂದು ಕೇಳಿದೆ. "ಇರ್ಲಿ ಬಿಡವಾ," ಅಂದರು ಅಪ್ಪ, "ಅದು ಇನ್ನಾ ಮುಗದಿಲ್ಲ." ಅದನ್ನು ನಾನು ಆಪಾದನೆ ಎಂದು ಕೇಳಿಸಿಕೊಂಡೆ. ಆಮೇಲೆ ಕೇಳಲಿಲ್ಲ. ನೌಕರಿ ನನ್ನನ್ನು ಕೊಚ್ಚಿಗೆ ತಂದಿತು. ಅಪ್ಪ ಒಬ್ಬರೇ ಇದ್ದ ಬಾಡಿಗೆ ಮನೆಯನ್ನು ಈ ವರ್ಷ ಖಾಲಿ ಮಾಡಿದಾಗ ನಾನು ತಂದದ್ದು ಎರಡೇ ವಸ್ತು, ಅವ್ವನ ಒಂದು ಇಳಕಲ್ ಸೀರೆ ಮತ್ತು ಈ ಕ್ಯಾಮೆರಾ.

ಪಾಲಾರಿವಟ್ಟಂನ ಒಳಗಲ್ಲಿಯೊಂದರಲ್ಲಿ ವರ್ಗೀಸ್ ಚೇಟ್ಟನ್, ನಮ್ಮಲ್ಲಿ ಅನ್ನುವಂತೆ ವರ್ಗೀಸಣ್ಣ, ಇದ್ದಾರೆ. ಒಂದು ಕಾಲಕ್ಕೆ ಸ್ಟುಡಿಯೋ ಇಟ್ಟಿದ್ದವರು. ಈಗ ಮನೆಯಲ್ಲೇ ಫಿಲ್ಮು ತೊಳೆದುಕೊಡುತ್ತಾರೆ, ಹೊಸದಾಗಿ ಕಲಿಯುವವರಿಗೆ ಕಲಿಸುತ್ತಾರೆ. ಒಂದು ಭಾನುವಾರ ಕಲಿಯಲೆಂದು ಹೊಸ ಫಿಲ್ಮೊಂದನ್ನೂ ಅಪ್ಪನ ಕ್ಯಾಮೆರಾವನ್ನೂ ಹಿಡಿದು ಹೋದೆ. ಸುಮ್ಮನೆ ಕೂತ ಕೈಗೆ ಏನಾದರೂ ಬೇಕಿತ್ತು. ಅವರು ಶಟರ್ ಒತ್ತಿ ಕಿವಿಗೊಡಲಿಲ್ಲ, ಲೆನ್ಸು ಒರೆಸಲಿಲ್ಲ. ಮೊದಲು ಬೆನ್ನು ತಿರುಗಿಸಿ ಕೆಂಪು ಕಿಂಡಿ ನೋಡಿದರು. "ಒಳಗೆ ಫಿಲ್ಮಿದೆ ಮೋಳೇ," ಎಂದರು, ಮಗಳೇ ಎನ್ನುವ ಹಾಗೆ. ಅವರು ಮಲಯಾಳಂನಲ್ಲಿ ಆಡಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಹನ್ನೆರಡು ಕಾಣ್ತಿದೆ. ಒತ್ತಿ ಬಿಟ್ಟಿದ್ದೋ, ಒತ್ತದೇ ಬಿಟ್ಟಿದ್ದೋ?"

"ಒತ್ತಿಲ್ಲ," ಅಂದೆ.

"ಗಟ್ಟಿಯಾಗಿ ಗೊತ್ತಾ? ಈ ಕ್ಯಾಮೆರಾ ನೋಡಿ ಹೇಳೋಕಾಗಲ್ಲ. ಅನುಮಾನ ಇದ್ದರೆ ಸುಮ್ಮನೆ ಕೊನೆವರೆಗೆ ತಿರುವಿ ತೆಗೆದುಬಿಡು. ಒಂದು ಚೌಕ ಖಾಲಿ ಹೋದರೆ ಹೋಗಲಿ."

"ನಾನು ಅಲ್ಲೇ ಇದ್ದೆ," ಅಂದೆ. ಬಾಗಿಲ ಹೊರಗಿದ್ದೆ ಎಂದು ಹೇಳಲಿಲ್ಲ.

ಅವರು ನನಗೆ ಹಿಡಿಯುವುದನ್ನು ಕಲಿಸಿದರು. ಮುಚ್ಚಳ ತೆರೆ, ತಲೆ ಬಾಗಿಸು, ಉಸಿರು ಬಿಟ್ಟು ಒತ್ತು. ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಎಡಕ್ಕೆ ಸರಿಸಬೇಕೆಂದರೆ ಬಲಕ್ಕೆ ಸರಿಸಬೇಕು. ಮನೆಗೆ ಬಂದು ಹನ್ನೆರಡನೆಯದನ್ನು ಮುಗಿಸಲು ಹೊರಟೆ. ಅವ್ವನಿಲ್ಲ, ಅವಳ ಸೀರೆಯಾದರೂ ಇರಲಿ ಎಂದು ಅದನ್ನು ಬಾಲ್ಕನಿಯ ಗೋಡೆಯ ಮೇಲೆ ಹರವಿದೆ. ಸೀರೆಯ ಮೇಲೆ ಬೆಳ್ಳಗೆ ಉರಿಯುವ ಆಕಾಶ, ಪಕ್ಕದಲ್ಲಿ ನನ್ನ ಕೋಣೆಯ ಕತ್ತಲೆ ತುಂಬಿದ ಬಾಗಿಲು. ತಲೆಬಾಗಿ ನಿಂತಾಗ, ಅಪ್ಪ ಏನು ನೋಡುತ್ತಿದ್ದರೋ ಅದನ್ನೇ ನೋಡುತ್ತಿದ್ದೇನೆ ಅನ್ನಿಸಿತು. ಒತ್ತಿದೆ. ನಾಬ್ ತಿರುವಿದೆ. ಕೈಗೆ ಹಗುರಾಯಿತು. ಅಡುಗೆಮನೆಯ ನೆರಳಿನಲ್ಲಿ ಸುರುಳಿ ತೆಗೆದು ಪಟ್ಟಿ ನೆಕ್ಕಿದೆ. ಆ ರುಚಿಯ ಮಾತು ಆಗಲೇ ಹೇಳಿದೆನಲ್ಲ.

ಅಂಟು ನಾಲಿಗೆಯಲ್ಲಿರುವಾಗಲೇ ನನಗೆ ಹೊಳೆಯಿತು. ಮುಗಿಸುವುದು ನನ್ನ ಕೆಲಸ. ಅಪ್ಪ ಹನ್ನೆರಡನೆಯದನ್ನು ಒತ್ತಿದ ಮೇಲೆ ಎಂದೂ ತಿರುವಿದವರಲ್ಲ, ಕ್ಯಾಮೆರಾವನ್ನು ನನಗೆ ಕೊಡುತ್ತಿದ್ದರು. ಆಸ್ಪತ್ರೆಯ ವರಾಂಡದಲ್ಲಿ ಕೊರಳ ಪಟ್ಟಿಗೆ ಕೈ ಹಾಕಿದ್ದು ಅದಕ್ಕೇ. ನಾನು ಹೊರಗೆ ಹೋದ ಮೇಲೆ ಅವ್ವನ ಫೋಟೋ ತೆಗೆದಾಗಿತ್ತು, ಈಗ ನಾನು ಅದರ ಮೇಲೆಯೇ ಇನ್ನೊಮ್ಮೆ ಒತ್ತಿದ್ದೆ. ಇನ್ನಾ ಮುಗದಿಲ್ಲ ಎಂದದ್ದೂ ಅದನ್ನೇ. ಅವರು ಅಷ್ಟು ವರ್ಷ ಕಾದದ್ದು ನಾನು ಬಂದು ನಾಬ್ ತಿರುವಲಿ ಎಂದು, ಅಷ್ಟೇ. ಕಿಂಡಿಯಲ್ಲಿ ಹನ್ನೆರಡು ನಿಂತಿದ್ದನ್ನು ಜಗತ್ತಿನಲ್ಲಿ ಬೇರೆ ಯಾರು ತಪ್ಪಾಗಿ ಓದಿದ್ದರೂ ನಾನು ಓದಬಾರದಿತ್ತು. ಮಿಂಚಿದ್ದಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಅದನ್ನು ಹೇಳುವವರು ಮಿಂಚಿಸಿಕೊಂಡವರಲ್ಲ.

ವರ್ಗೀಸ್ ಚೇಟ್ಟನ್ ತೊಳೆದರು. ಹನ್ನೊಂದು ಎಲೆಗಳು ಬೂದುಬಣ್ಣದ ಮಬ್ಬಿನಲ್ಲಿ ಸ್ಕೇಲು ಚೀಟಿ ಸಮೇತ ಬಂದವು, ಅಲ್ಲಲ್ಲಿ ಬೂಷ್ಟಿನ ಚುಕ್ಕೆ. ಹನ್ನೆರಡನೆಯದನ್ನು ಅವರು ದೊಡ್ಡದಾಗಿ ಮುದ್ರಿಸಿ ಮೇಜಿನ ಮೇಲಿಟ್ಟರು. ಎಡಗಡೆ, ಅವ್ವನ ಮುಖ ಇರಬೇಕಾದಲ್ಲಿ ನನ್ನ ಬಾಲ್ಕನಿಯ ಆಕಾಶವಿತ್ತು. ಬರೀ ಬಿಳಿ. ಕೆಳಗೆ ಇಳಕಲ್ ಸೀರೆಯ ದಡಿ, ಅದರೊಳಗೆ ಆಸ್ಪತ್ರೆಯ ಹೊದಿಕೆಯ ಮಸುಕು ಮಡಿಕೆಗಳು. ನಾನು ಆ ಬಿಳಿಯನ್ನು ಬಹಳ ಹೊತ್ತು ನೋಡಿದೆ. ಒಂದು ಕಣ್ಣೂ ಸಿಗಲಿಲ್ಲ. ನೋವಾಗಬೇಕಿತ್ತು, ಎಲ್ಲೋ ದೂರದಲ್ಲಿ ಆಗುತ್ತಿತ್ತು, ನನ್ನ ತನಕ ಬರಲಿಲ್ಲ. ಬಲಗಡೆ ನನ್ನ ಕೋಣೆಯ ಕತ್ತಲೆ ಬಿದ್ದಿದ್ದರಿಂದ ಹಳೆಯ ಚಿತ್ರ ಹಾಗೆಯೇ ಉಳಿದಿತ್ತು. ಮಂಚದ ಅರ್ಧ, ಸುಕ್ಕಿಲ್ಲದೆ ಸವರಿದ ಚಾದರ, ಅದರ ಅಂಚಿನಲ್ಲಿ ಬಿಚ್ಚಿಟ್ಟ ಒಂದು ಅಂಗೈ, ಕೈಬಳೆ ಸಡಿಲವಾಗಿ ಇಳಿದದ್ದು. ನಾನು ಹೊರಗೆ ಹೋದ ಮೇಲೂ ಅವಳು ಮಧ್ಯಕ್ಕೆ ಸರಿದಿರಲಿಲ್ಲ.

ವರ್ಗೀಸ್ ಚೇಟ್ಟನ್ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇಲ್ಲಿ ಯಾರೋ ಕೂತಿದ್ದು ಎದ್ದು ಹೋದ ಹಾಗಿದೆ, ಅಲ್ವಾ ಮೋಳೇ?" ಅಂದರು.

"ಇಲ್ಲ ಚೇಟ್ಟಾ," ಅಂದೆ. "ಅಲ್ಲಿ ಯಾರೂ ಕೂತಿರಲಿಲ್ಲ."